ಬೇಸ್‌ಮೆಂಟಿನ ನಂದಾದೀಪ

ರೀ,

ಬಾಯ್ಲರ್ ಹತ್ತಿಕೊಂಡಿದೆ, ಮನೆಯೆಲ್ಲ ಬೆಚ್ಚಗಿದೆ. ಇಂಜಿನಿಯರ್ ಸಾಹೇಬರು ಇನ್ನು ಯೂಟ್ಯೂಬ್ ನೋಡುವುದು ಬೇಡ. ಊಟದ ಟೇಬಲ್ ಮೇಲೆ ಹರಡಿರುವ ರೆಂಚುಗಳನ್ನು ದಯವಿಟ್ಟು ಎತ್ತಿಡಿ.

ಅದಕ್ಕೆ ಏನೂ ಆಗಿರಲಿಲ್ಲ. ಗ್ಯಾಸ್ ಪೈಪಿನ ಹಳದಿ ಹಿಡಿಕೆ ಶನಿವಾರ ರಾತ್ರಿಯಿಂದ ಬಂದ್ ಆಗಿತ್ತು, ಅಷ್ಟೇ. ಬೆಳಿಗ್ಗೆ ಅತ್ತೆಯನ್ನು ಕೇಳಿದೆ. “ಹೌದವಾ, ನಾನ ಬಂದ್ ಮಾಡೀನಿ. ಮಕ್ಕೊಳ್ಳೂ ಮುಂದ ಗ್ಯಾಸ್ ಬಂದ್ ಮಾಡೂದು ಬ್ಯಾಡೇನು? ನಿಮಗಂತೂ ಖಬರ ಇರೂದಿಲ್ಲ” ಎಂದರು. ಹುಬ್ಬಳ್ಳಿಯ ಮನೆಯಲ್ಲಿ ಸಿಲಿಂಡರ್ ಬಂದ್ ಮಾಡುವ ಹಾಗೆಯೇ. ನಕ್ಕು ನಕ್ಕು ನನ್ನ ಹೊಟ್ಟೆ ಹುಣ್ಣಾಯಿತು.

ನೀವು ಅವರಿಗೆ ಏನೂ ಅನ್ನಬೇಡಿ. ಒಳಗಿನ ಪುಟ್ಟ ಜ್ವಾಲೆಯನ್ನು ತೋರಿಸಿ, ಇದು ನಂದಾದೀಪ, ಹಗಲೂ ರಾತ್ರಿ ಉರಿಯಬೇಕು ಎಂದು ಹೇಳಿದ್ದೇನೆ. ಪಾಪ, ಗಲ್ಲ ಬಡಿದುಕೊಂಡರು.

ಅಕಸ್ಮಾತ್ ಮತ್ತೆ ಆರಿದರೆ ಬಾಯ್ಲರ್‌ನ ಗುಂಡಿಯನ್ನು ಆಫ್ ಮಾಡಿ, ಐದು ನಿಮಿಷ ಸುಮ್ಮನೆ ಕಾಯಿರಿ. ಆಮೇಲೆ ‘ಪೈಲಟ್’ ಎಂದು ಬರೆದಿರುವಲ್ಲಿಗೆ ತಿರುಗಿಸಿ, ಒತ್ತಿ ಹಿಡಿದು ಆ ಪುಟ್ಟ ಜ್ವಾಲೆಯನ್ನು ಹಚ್ಚಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ. ಗ್ಯಾಸ್ ವಾಸನೆ ಬಂದರೆ ಮಾತ್ರ ಏನನ್ನೂ ಮುಟ್ಟದೆ ಅತ್ತೆಯನ್ನು ಕರೆದುಕೊಂಡು ಹೊರಗೆ ನಡೆಯಿರಿ, ಗ್ಯಾಸ್ ಕಂಪನಿಗೆ ಫೋನ್ ಅಲ್ಲಿಂದ ಮಾಡಿ.

ರೊಟ್ಟಿ ಡಬ್ಬಿಯಲ್ಲಿದೆ. ಬೆಲ್ಟ್‌ವೇ ಹೆದ್ದಾರಿ ಕಾರುಗಳಿಂದ ತುಂಬುವ ಮೊದಲು ನಾನು ಆಸ್ಪತ್ರೆ ಸೇರಬೇಕು, ಹೋಗಿ ಬರುತ್ತೇನೆ.

ಹಾಂ, ಬಾಯ್ಲರ್ ಈಗ ಮೂರು ಬೆರಳಿನ ವಿಭೂತಿ ಧರಿಸಿಕೊಂಡು ನಿಂತಿದೆ. ಬೇಸ್‌ಮೆಂಟಿಗೆ ಇಳಿಯುವಾಗ ಚಪ್ಪಲಿ ಬಿಟ್ಟು ಇಳಿಯಿರಿ. ನಾನು ಈಗಾಗಲೇ ಬೈಸಿಕೊಂಡಿದ್ದೇನೆ.

ನೀಲಾ