ಹುಮನಾಬಾದಿನ ಕಂಪ್ಯೂಟರ್ ಜಾತಕ

ಬಸವಕಲ್ಯಾಣ, ೧೩-೧೧-೧೯೮೮, ರವಿವಾರ

ತಲೆ ಕೆಟ್ಟಿದೆ. ಜಾತಕ ಕೂಡಿಸಲು ಅಪ್ಪ ನನ್ನನ್ನೂ ಹುಮನಾಬಾದಿನ ಕಂಪ್ಯೂಟರ್ ಅಂಗಡಿಗೆ ಕರೆದೊಯ್ದರು. ಹೋದ ತಿಂಗಳು ನನ್ನನ್ನು ನೋಡಿಹೋದ ದಿಗಂಬರ ಅವರೂ ತಾಯಿಯೊಂದಿಗೆ ಬಂದಿದ್ದರು. ಮೊದಲು ‘ಉತ್ತಮ ಜೋಡಿ’ ಎಂದು ಬಂತು. ಅಷ್ಟರಲ್ಲಿ ಮಷಿನ್ ನಿಂತುಹೋಯಿತು. ಮತ್ತೆ ನಮ್ಮಿಬ್ಬರ ಅದೇ ಹುಟ್ಟಿದ ತಾರೀಖು ಹಾಕಿದರೆ ‘ವಿವಾಹ ಬೇಡ’ ಎಂದಿತು. ಇನ್ನೊಮ್ಮೆ ಹಾಕಿದಾಗ ನನ್ನನ್ನು ವರ, ಅವರನ್ನು ವಧು ಮಾಡಿತು! ನಗು ತಡೆಯಲು ಸೆರಗು ಕಚ್ಚಿಕೊಂಡೆ.

“ಇದರಾಗ ಖರೇ ಯಾವ್ದರಿ?” ಅಪ್ಪ ಕೇಳಿದರು.

“ಪ್ರೋಗ್ರಾಂ ಕೆಟ್ಟದರಿ. ಮುಂದಿನ ವಾರ ಬರ್ರಿ,” ಎಂದ ಅಂಗಡಿಯವನು.

“ಮಷಿನ್‌ಗ್ಯಾಕ ಕೇಳ್ತೀರಿ? ಅವರಿಗೇ ಕೇಳ್ರಿ,” ಎಂದರು ದಿಗಂಬರ.

ಎಲ್ಲರೂ ನನ್ನತ್ತ ತಿರುಗಿದರು. ಇದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. “ನಾಳಿ ಹೇಳ್ತೀನ್ರಿ” ಎಂದುಬಿಟ್ಟೆ. ನನ್ನನ್ನೇ ಕೇಳಿ ಎಂದು ದಿಗಂಬರ ಹೇಳಿದರಲ್ಲ ಎಂದೇ ಒಪ್ಪಬೇಕೆನಿಸುತ್ತದೆ. ಆದರೆ ಅದೊಂದು ಮಾತಿಗೇ ಹೇಗೆ ಒಪ್ಪುವುದು? ಬೆಳಿಗ್ಗೆ ಅಪ್ಪ ಕೇಳಿದರೆ ನಾನು ಏನು ಹೇಳಲಿ, ಇನ್ನೂ ಗೊತ್ತಿಲ್ಲ.