ಫೋನಿನಲ್ಲಿ ಮೊದಲು ಹೇಳುವ ಹೆಸರು

ಮಾರ್ಸ್ಡನ್ ಪಾರ್ಕ್, ಸಿಡ್ನಿ
೮ ಮಾರ್ಚ್ ೨೦೨೬, ಭಾನುವಾರ

ಪ್ರೀತಿಯ ಅತ್ತೆಯವರಿಗೆ,

ಸೊಸೆ ನೀಲಾಂಬಿಕಾಳ ನಮಸ್ಕಾರ. ಕಣ್ಣಿನ ಆಪರೇಷನ್ ಆದ ಮೇಲೆ ಡಾಕ್ಟರು ನಿಮಗೆ ಓದಲು ಬಿಟ್ಟಿದ್ದಾರೆ ಎಂದು ನಾದಿನಿ ಸಂಧ್ಯಾರಾಣಿ ಹೇಳಿದಳು. ಆದರೂ ದೊಡ್ಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಹನಿ ಹಾಕಿಕೊಳ್ಳುವುದನ್ನು ಬಿಡಬೇಡಿ, ನಿಮ್ಮ ಮಗಳನ್ನು ಗದರಿಸುವುದನ್ನು ಸ್ವಲ್ಪ ಬಿಡಿ. ನಿಮ್ಮ ಮೊಮ್ಮಗಳು ಆದ್ಯಾ ನೀವು ಕಳಿಸಿದ ಶೇಂಗಾ ಹೋಳಿಗೆಯನ್ನು ಯಾರಿಗೂ ಕೊಡದೆ ತಿಂದಳು. ದಿನವಿಡೀ ಫೋನಿನಲ್ಲೇ ಮಾತಾಡುವ ನನಗೆ ನಿಮ್ಮೊಡನೆಯೂ ಅದರಲ್ಲೇ ಮಾತಾಡಲು ಮನಸ್ಸಾಗುವುದಿಲ್ಲ. ಅದಕ್ಕೇ ಈ ಕಾಗದ.

ನಾನು ಕೆಲಸ ಮಾಡುವ ರಕ್ಷಣಾ ಕುಟುಂಬ ಇಲಾಖೆ ಎರಡು ತಲೆಮಾರಿನಿಂದ ಅದೇ ಹೆಸರಿನಲ್ಲಿದೆ. ಸೈನಿಕರು ದೂರ ಇರುವಾಗ ಅವರ ಮನೆಗಳಿಗೆ ಫೋನ್ ಮಾಡುವುದು ನಮ್ಮ ಕೆಲಸ. ಮಕ್ಕಳ ಶಾಲೆ, ಮನೆ ರೆಂಟ್, ಸಾಮಾನು ಸಾಗಿಸುವ ಲಾರಿ, ಇಂಥವೇ ವಿಷಯಗಳು. ಈಗ ಅದನ್ನು ಯುದ್ಧ ಸಿದ್ಧತಾ ಇಲಾಖೆ ಎಂದು ಕರೆಯಬೇಕಂತೆ. ಮೊದಲು ನನಗೂ ಅದು ಬೋರ್ಡು ಬದಲಿಸುವ ಮಾತಷ್ಟೇ ಅನ್ನಿಸಿತ್ತು. ಕಚೇರಿಗಳು ಆಗಾಗ ಬಟ್ಟೆ ಬದಲಿಸುತ್ತವೆ.

ಆದರೆ ಕಳೆದ ತಿಂಗಳು ಪ್ರಯೋಗಕ್ಕೆಂದು ನಮ್ಮ ಸಿಡ್ನಿ ಕಚೇರಿಯಿಂದ ಹೊಸ ಹೆಸರಿನಲ್ಲೇ ಫೋನ್ ಮಾಡಿಸಿದರು. ಪಕ್ಕದ ಮೇಜಿನ ಭಾಸ್ಕರ, ಬೆಂಗಳೂರಿನವರು, ಬ್ಲ್ಯಾಕ್‌ಟೌನ್‌ನ ಒಬ್ಬ ಹೆಂಗಸಿಗೆ ಫೋನ್ ಮಾಡಿದರು. ಆಕೆಯ ಗಂಡ ನೌಕಾಪಡೆಯ ಹಡಗಿನಲ್ಲಿ ಸಮುದ್ರದಲ್ಲಿದ್ದಾನೆ. ಇವರು ಇಲಾಖೆಯ ಹೆಸರು ಹೇಳಿದ್ದೇ ತಡ, ಆ ಕಡೆ ಏನೋ ಬಿದ್ದ ಸದ್ದು, ಆಮೇಲೆ ಮಗುವಿನ ಅಳು. ಭಾಸ್ಕರ ಎದ್ದು ನಿಂತು, ಫ್ರಿಜ್ ವಿಷಯ ಮೇಡಂ, ಬರೀ ಫ್ರಿಜ್ ಎಂದು ಇಂಗ್ಲಿಷಿನಲ್ಲಿ ಕೂಗುತ್ತಿದ್ದರು. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿ, "ನನ್ ಕೈಲಿ ಇದು ಆಗಲ್ಲ ಕಣ್ರೀ" ಎಂದರು.

ಹೆಸರಿನ ಬಗ್ಗೆ ಸಿಬ್ಬಂದಿಯ ಅಭಿಪ್ರಾಯ ಕೇಳುವ ಸಭೆ ಮೆಲ್ಬರ್ನ್‌ನಲ್ಲಿತ್ತು. ಸಭೆ ನಡೆಸುವ ಅಧಿಕಾರಿಯೇ ನನ್ನ ಕಾಂಟ್ರ್ಯಾಕ್ಟ್ ಮುಂದುವರಿಸಬೇಕಾದವರು. ಜೂನ್‌ಗೆ ಅದು ಮುಗಿಯುತ್ತದೆ. ನಿಮ್ಮ ಮಗ ಏರ್‌ಪೋರ್ಟಿನಲ್ಲಿ ನನ್ನನ್ನು ಇಳಿಸುವಾಗ ಹೇಳಿದ್ದು ಇಷ್ಟೇ: "ಮಾರ್ಟ್‌ಗೇಜ್ ಐತಿ. ಹೋಗು, ಕೂತು ಕೇಳು, ಬಾಯಿ ಮುಚ್ಚಿಕೊಂಡು ಬಾ."

ಡಾಕ್‌ಲ್ಯಾಂಡ್ಸ್‌ನ ಸಭೆಯ ಕೋಣೆಯಲ್ಲಿ ಹಾಗೆಯೇ ಕೂತಿದ್ದೆ. ಅಧಿಕಾರಿ, ಹೆಸರು ಶತ್ರುವಿಗೆ ಕೇಳಿಸುವಂತಿರಬೇಕು ಎಂದರು. ನಮ್ಮ ಫೋನ್ ಎತ್ತುವವರಲ್ಲಿ ಶತ್ರುಗಳು ಯಾರೂ ಇಲ್ಲ ಎಂದೆ. ಅಂದದ್ದು ನಾನೇ ಎಂದು ತಿಳಿಯಲು ಕ್ಷಣ ಹಿಡಿಯಿತು. ಎಲ್ಲರೂ ತಿರುಗಿ ನೋಡುತ್ತಿದ್ದರು, ಆದ್ದರಿಂದ ನಿಮ್ಮ ಕಥೆ ಹೇಳಿದೆ. ಮಾವ ಗಡಿಯಲ್ಲಿದ್ದಾಗ ನೀವು ಅಂಚೆಯವನಿಗೆ ಹಾಕಿದ ಕಟ್ಟಪ್ಪಣೆ: "ಓಣಿ ತುದೀಗಿಂದನ ಕೂಗಿಕೋತ ಬಾರೋ, ಕಾರ್ಡ್ ಬಂದೈತಿ, ಟೆಲಿಗ್ರಾಂ ಅಲ್ಲ ಅಂತ. ನೀ ಬಾಗಲಕ್ಕ ಬರೂತನಕ ಜೀವಾ ಹಿಡಕೊಂಡು ನಿಂದ್ರಾಕ ಆಗೂದಿಲ್ಲ ನನಗ." ಅವನು ಹಾಗೇ ಕೂಗುತ್ತ ಬರುತ್ತಿದ್ದನಂತೆ, ಓಣಿಯ ಇತರ ಹೆಂಗಸರೂ ಉಸಿರು ಬಿಡುತ್ತಿದ್ದರಂತೆ. ಅದನ್ನು ಇಂಗ್ಲಿಷಿಗೆ ತರುವಾಗ ನಿಮ್ಮ ಗದರಿಕೆ ಎಲ್ಲೋ ಸೋರಿಹೋಯಿತು. ಆದರೂ ಆಮೇಲೆ ಕಾಫಿ ಯಂತ್ರದ ಹತ್ತಿರ ಒಬ್ಬಾಕೆ, ನಿಮ್ಮ ಅತ್ತೆ ಇನ್ನೂ ಇದ್ದಾರಾ ಎಂದು ಕೇಳಿದಳು. ಇದ್ದಾರೆ ಎಂದೆ. ಹಾಗೆ ಹೇಳಲು ಸಿಕ್ಕದ್ದೇ ಒಂದು ಸುಖ.

ಬೇರೆ ಯಾರಾದರೂ ಆಗಿದ್ದರೆ ಇಂಥದನ್ನು ನೋವೆಂದು ಹೇಳಿಕೊಳ್ಳುತ್ತಿದ್ದರು. ನೀವು ಅದನ್ನು ನಗುತ್ತ ಹೇಳಿದಿರಿ, ಅದಕ್ಕೇ ನನ್ನಲ್ಲಿ ಉಳಿಯಿತು. ಈ ಋಣ ತೀರಿಸುವ ಬಗೆ ನನಗೆ ಗೊತ್ತಿಲ್ಲ, ತೀರಿಸುವ ಆತುರವೂ ಇಲ್ಲ.

ಸಂಧ್ಯಾರಾಣಿಗೆ ನೆನಪುಗಳು. ನಿಮ್ಮ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ.

ನಿಮ್ಮ,
ನೀಲಾಂಬಿಕಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮಂಗಳವಾರವಾಗಿ, ಮೆಲ್ಬರ್ನ್‌ನಿಂದ ಮೇಲ್ ಬಂತು. ಹೆಸರು ಬದಲಾಗುತ್ತದೆ. ನನ್ನ ಕಾಂಟ್ರ್ಯಾಕ್ಟ್ ಮುಂದುವರಿಯುವುದಿಲ್ಲ. ನಿಮ್ಮ ಮಗ ಎರಡು ಸಲ ಓದಿ, "ಅವ್ವಗ ನೀ ಬರೀಬ್ಯಾಡ, ಮುಂದಿನ ತಿಂಗಳ ಬೆಳಗಾವಿಗೆ ಹೋದಾಗ ನಾನ ಹೇಳ್ತೀನಿ" ಎಂದರು. ಬರೆದುಬಿಟ್ಟೆ. ಅವರು ಹೇಳುವಾಗ ಗೊತ್ತಿಲ್ಲದವರಂತೆ ಕೇಳಿಸಿಕೊಳ್ಳಿ. ಅವರ ಧ್ವನಿಯಲ್ಲಿ ನನ್ನ ಬಗ್ಗೆ ಒಂದಿಷ್ಟಾದರೂ ಹೆಮ್ಮೆ ಇತ್ತೇ ಎಂದು ನನಗೆ ಮಾತ್ರ ತಿಳಿಸಿ.