ಹನ್ನೊಂದನೇ ಪುಟದ ಸೊನ್ನೆ

ಭಾನುವಾರ, ಮಧ್ಯಾಹ್ನ

ನನ್ನ ಹಠಮಾರಿಗೆ,

ನೀನು ಜಗಳವಾಡಿ ಅಕ್ಕನ ಮನೆ ಸೇರಿದ ಮೇಲೆ ಇದೇ ಮೊದಲ ಕಾಗದ. ಗಾಬರಿಯಾಗಬೇಡ, ವಕೀಲರ ವಿಷಯವಲ್ಲ. ನಾವಿಬ್ಬರೂ ಬರೆದ ಗಣಿತದ ಪ್ರಬಂಧದ ಪ್ರೂಫ್ ಅಚ್ಚಿಗೆ ಮುಂಚೆ ತಿದ್ದಲು ಬಂದಿದೆ. ಅದರಲ್ಲೊಂದು ತಪ್ಪಿದೆ ಅನ್ನಿಸುತ್ತದೆ, ಮರುಕ್ಷಣ ಇಲ್ಲ ಅನ್ನಿಸುತ್ತದೆ. ಬೆಳಗಿನಿಂದ ತಲೆಬುಡ ತಿಳಿಯುತ್ತಿಲ್ಲ.

ಶುರುವಾದದ್ದು ನಿನ್ನ ಅಕ್ಕನ ಫೋನಿನಿಂದ. ಇಬ್ಬರಲ್ಲಿ ಯಾರು ಸರಿಯಿಲ್ಲ ಹೇಳಮ್ಮ ಅಂದರು. ಇಬ್ಬರೂ ಸರಿಯಾಗೇ ಇದೀವಿ ಅಂದೆ. ಹಂಗಾದ್ರೆ ಸಂಸಾರ ಯಾಕೆ ಕೆಡ್ತು, ಒಬ್ಬರಾದ್ರೂ ಕೆಟ್ಟವರಿರ್ಲೇಬೇಕಲ್ಲ ಅಂತ ರೇಗಿದರು. ಫೋನಿಟ್ಟು ಪ್ರೂಫ್ ತಿರುವಿದರೆ, ಹನ್ನೊಂದನೇ ಪುಟದಲ್ಲಿ ನಾವೂ ಅದೇ ವಾದ ಹೂಡಿದ್ದೇವೆ: ಪ್ರತಿ ಸಂಖ್ಯೆಗೂ ಒಂದೊಂದು ಬೆಲೆ ಕೊಡುವ ಎರಡು ಫಲನಗಳ ಗುಣಲಬ್ಧ ಸೊನ್ನೆಯಾದರೆ, ಅವುಗಳಲ್ಲಿ ಒಂದು ಸೊನ್ನೆಯೇ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಬರೆದರೆ ನನಗಾದರೂ ತಿಳಿಯಾದೀತು. ಫಲನಗಳ ಹಳೆಯ ಗುಣಾಕಾರದಲ್ಲಿ ಆ ಮಾತು ನಿಜ. ಅಲ್ಲಿ ಒಂದು ಸಂಖ್ಯೆಯನ್ನು ಎಷ್ಟು ಬಗೆಯ ಜೋಡಿಯಾಗಿ ಒಡೆಯಬಹುದೋ ಅಷ್ಟೂ ಲೆಕ್ಕಕ್ಕೆ ಬರುತ್ತವೆ: ಪ್ರತಿ ಜೋಡಿಯ ಬೆಲೆಗಳನ್ನು ಗುಣಿಸಿ, ಎಲ್ಲವನ್ನೂ ಕೂಡುತ್ತೇವೆ. ಮಹಾ ಬುದ್ಧಿವಂತರು ನಾವು, ನಿಯಮ ಬದಲಾಯಿಸಿದೆವು: ಜೋಡಿಯ ಇಬ್ಬರಲ್ಲೂ, ಒಂದನ್ನು ಬಿಟ್ಟು, ಬೇರೆ ಸಮಾನ ಅಪವರ್ತನ ಇರಕೂಡದು. ನಾಲ್ಕನ್ನು ಎರಡು ಎರಡಾಗಿ ಒಡೆಯುವಂತಿಲ್ಲ. ಈಗ ಎರಡಕ್ಕೆ ಮಾತ್ರ ಒಂದು ಬೆಲೆ ಕೊಟ್ಟು, ಉಳಿದೆಲ್ಲ ಸಂಖ್ಯೆಗೂ ಸೊನ್ನೆ ಕೊಡುವ ಫಲನವನ್ನು ಅದರಿಂದಲೇ ಗುಣಿಸಿ ನೋಡು. ನಾಲ್ಕರಲ್ಲಿ ಏನಾದರೂ ಸಿಗಬೇಕಿತ್ತು, ಆದರೆ ಎರಡು ಎರಡರ ಜೋಡಿಗೇ ಅವಕಾಶವಿಲ್ಲ. ಗುಣಲಬ್ಧ ಎಲ್ಲೆಲ್ಲೂ ಸೊನ್ನೆ. ಫಲನವೇನೂ ಸೊನ್ನೆಯಲ್ಲ! ಗುಣಾಕಾರದ ನಿಯಮ ಬದಲಾಯಿಸಿ ಹಳೆಯ ನಂಬಿಕೆಯನ್ನು ಹಾಗೇ ಇಟ್ಟುಕೊಂಡುಬಿಟ್ಟಿದ್ದೇವೆ.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಿನ್ನ ಹಠವೇ ನನ್ನಲ್ಲೂ ಇದೆ. ಅದಕ್ಕೇ ನಮ್ಮದು ಜೋಡಿಯಾಗಲಿಲ್ಲವೇ? ಅಥವಾ ನಾವು ಮಾಡಿಕೊಂಡ ನಿಯಮವೇ ಸರಿಯಿಲ್ಲವೇ? ಈ ಪ್ರಬಂಧ ಅಚ್ಚಾದರೆ ನಮ್ಮ ನಡುವೆ ಮಾತಿಗೊಂದು ನೆಪವೂ ಉಳಿಯುವುದಿಲ್ಲ ಅಂತ ಹೆದರಿದ್ದೆ. ಈಗ ತಪ್ಪು ಸಿಕ್ಕಿದ್ದಕ್ಕೆ ಖುಷಿಯಾಗುತ್ತಿದೆ. ಗಣಿತದವಳಿಗೆ ಇಂಥ ಖುಷಿ ಆಗಬಾರದು.

ಲೇಖಕರಿಬ್ಬರೂ ಒಟ್ಟಿಗೆ ಕೂತು ತಿದ್ದಬೇಕು ಅಂತ ಸಂಪಾದಕರು ಹೇಳಿದ್ದಾರೆ. ಬುಧವಾರ ಬಾ. ಅಡುಗೆಮನೆ ಗೋಡೆಯ ಬೋರ್ಡಿನಲ್ಲಿ ನೀನು ಅರ್ಧಕ್ಕೆ ಬಿಟ್ಟುಹೋದ ಸಾಲು ಹಾಗೇ ಇದೆ. ಒರೆಸಲು ಬಟ್ಟೆ ಹಿಡಿದು ನಿಂತಿದ್ದೆ, ಕೈ ಬರಲಿಲ್ಲ.

ಇತಿ,
ಇನ್ನೊಬ್ಬ ಹಠಮಾರಿ

ತಾ.ಕ.: ಸಂಪಾದಕರಿಗೆ ಫೋನ್ ಮಾಡಿ ವಿಚಾರಿಸಬೇಡ. ಒಬ್ಬರೇ ತಿದ್ದಿ ಕಳಿಸಿದರೂ ಸಾಕು ಅಂದಿದ್ದಾರೆ. ಒಟ್ಟಿಗೆ ಕೂರಬೇಕೆಂಬ ನಿಯಮ ನನ್ನದು.